ಕೀಲಿ ಇದೆ, ಬೀಗ ಇಲ್ಲ
ಆಸ್ಪತ್ರೆಯ ದಾಖಲೆ ಕೋಣೆಯ ಅಕ್ಕ ಕುರ್ಚಿ ಬಿಟ್ಟೇಳುವ ಮುನ್ನ ಕಂಪ್ಯೂಟರ್ ಪರದೆಗೆ ಬೀಗ ಹಾಕುವವಳು. ಸೀನು ಬಂದರೂ ಮೊದಲು ಬೀಗ, ಆಮೇಲೆ ಸೀನು. ಹಳೆಯ ವಿಂಡೋಸ್ ತೆಗೆದು ಕಂಪ್ಯೂಟರ್ ನಡೆಸಲು ಲಿನಕ್ಸ್ ಎಂಬ ಹೊಸ ವ್ಯವಸ್ಥೆ ಹಾಕಿದ ದಿನ ಆ ಬೀಗವೇ ಮಾಯ. ಏನೊತ್ತಿದರೂ ರೋಗಿಗಳ ವಿವರ ಪರದೆಯ ಮೇಲೆ ಬಟಾಬಯಲು. "ಕೀಲಿಮಣೆ ತುಂಬ ಕೀಲಿ, ಬೀಗ ಮಾತ್ರ ಇಲ್ಲ!" ಎಂದು ರಿಪೇರಿಯವನನ್ನು ಕರೆಸಿದಳು. "ಬೀಗದ ಪ್ರೋಗ್ರಾಮೇ ಹಾಕಿಲ್ಲ ಅಕ್ಕಾ, ನಾಳೆ ಹಾಕ್ತೀನಿ." "ನಾಳೆವರೆಗೂ ಇಲ್ಲೇ ಕೂತಿರ್ತೀನಿ. ನೀನೂ ಕೂತ್ಕೋ." ಅತ್ತ ಬಂದ ಮೇಲಧಿಕಾರಿ ನಕ್ಕರು: "ಊಟಕ್ಕೆ ಏಳಮ್ಮಾ, ಇಲ್ಲಿ ಕದಿಯೋಕೆ ಏನಿದೆ?" "ಓದೋಕಿದೆ, ಸಾರ್." ಅವಳು ಕದಲಲಿಲ್ಲ. ಹಿಂದೊಮ್ಮೆ ತನ್ನ ಕಾಯಿಲೆಯ ಹೆಸರನ್ನು, ಗಂಡನಿಗೂ ಹೇಳುವ ಮೊದಲೇ, ಇದೇ ಆಸ್ಪತ್ರೆಯ ಕ್ಯಾಂಟೀನಿನ ಸಾಲಿನಲ್ಲಿ ಪರರ ಬಾಯಲ್ಲಿ ಕೇಳಿದವಳು ಅವಳು. ರಿಪೇರಿಯವನು ಗೊಣಗುತ್ತಲೇ ಅಂದೇ ಪ್ರೋಗ್ರಾಂ ಹಾಕಿದ. ಪರದೆ ಕಪ್ಪಾದ ಮೇಲೆಯೇ ಅವಳು ಸೀನಿದ್ದು.