ತಲೆ ಹಿಡಿದು ಕಾಯುವ ತನುಜ

ಜಂಗಮಕೋಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಂಚದ ಅಂಚಿನಿಂದ ತುಸು ಕೆಳಕ್ಕೆ ಜೋತ ಅರವತ್ತರ ಓಬಳಮ್ಮನ ತಲೆಯನ್ನು ತನುಜ ಎರಡೂ ಕೈಯಲ್ಲಿ ಹಿಡಿದಿದ್ದಾರೆ. ಬಲಕ್ಕೆ ಹೊರಳಿದ ಮುಖದಲ್ಲಿ ಕಣ್ಣುಗುಡ್ಡೆಗಳು ಪಟಪಟನೆ ಅದುರುತ್ತಿವೆ.

“ಅಯ್ಯೋ ದೇವುಡಾ, ಎಲ್ಲಾ ತಿರುಗ್ತೈತೆ! ಬಿಟ್ಬಿಡಮ್ಮ!”

“ಕಣ್ಣು ಮುಚ್ಬೇಡಿ ಅಮ್ಮ. ಈಗ ನಿಲ್ಲುತ್ತೆ.”

“ವಾಸಿ ಮಾಡೋಕೆ ಬಂದ್ರೋ, ಜಾಸ್ತಿ ಮಾಡೋಕೆ ಬಂದ್ರೋ?” ಬಾಗಿಲಲ್ಲಿ ನಿಂತ ಸೊಸೆ ಶೋಭಾರಾಣಿ ಕುಟುಕುತ್ತಾರೆ. “ಒಂದು ಸೂಜಿ ಹಾಕಿದ್ರೆ ಮುಗೀತಿತ್ತಪ್ಪ.”

ತನುಜ ಶಿಡ್ಲಘಟ್ಟದಲ್ಲಿ ಒಂದು ಕೋಣೆ ಹಿಡಿದು ಫಿಸಿಯೋಥೆರಪಿ ಮಾಡುತ್ತಾರೆ. ಬಸ್ಸು ಹತ್ತಲಾಗದವರ ಮನೆಗೆ ತಾವೇ ಹೋಗುತ್ತಾರೆ. ಕಿವಿಯೊಳಗಿನ ಸಣ್ಣ ಹರಳುಗಳು ಜಾಗ ತಪ್ಪಿದರೆ, ಮಗ್ಗುಲು ಬದಲಿಸಿದರೂ ತಲೆ ಎತ್ತಿದರೂ ಲೋಕವೇ ಸುತ್ತುತ್ತದೆ. ತಲೆಯನ್ನು ಒಂದೊಂದೇ ಭಂಗಿಗೆ ಹೊರಳಿಸಿ, ಹರಳು ಮೊದಲಿದ್ದಲ್ಲಿಗೆ ಜಾರುವವರೆಗೆ ಕಾಯುವುದು ಅವರ ಕೆಲಸ. ಎಲ್ಲ ತಲೆಸುತ್ತಿಗೂ ಇದು ಹೊಂದದು. ಮಾತು ತೊದಲಿದರೆ, ಕೈ ಸೋತರೆ, ಅವರು ಮುಟ್ಟದೆ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಹರಳಿನ ತಲೆಸುತ್ತಿನವರು ತಿಂಗಳಿಗೆ ಹತ್ತು ಹನ್ನೆರಡು ಮಂದಿ ಬರುತ್ತಾರೆ. ಅವರಲ್ಲಿ ಮೂರ್ನಾಲ್ಕು ಮಂದಿ ಹೆದರಿ ಅರ್ಧಕ್ಕೇ ಎದ್ದು ಹೋಗುತ್ತಾರೆ.

2004ರಲ್ಲಿ ಇದೇ ತಲೆಸುತ್ತಿಗೆ ಬಂದ ಕಳವಾರದ ಅಕ್ಕಯ್ಯಮ್ಮ ಕಿರುಚಿಕೊಂಡಾಗ ತನುಜ ತಲೆ ಹಿಡಿದ ಕೈ ಬಿಟ್ಟಿದ್ದರು. ಆಕೆ ಮತ್ತೆ ಬರಲಿಲ್ಲ. ಕೆಲವೇ ವಾರಗಳಲ್ಲಿ ನೀರಿನ ತೊಟ್ಟಿಯ ಬಳಿ ತಲೆ ಸುತ್ತಿ ಬಿದ್ದು ಸೊಂಟ ಮುರಿದುಕೊಂಡರು. ಹಾಸಿಗೆಯಿಂದ ಏಳಲೇ ಇಲ್ಲ.

“ಇನ್ನರ್ಧ ನಿಮಿಷ ಹಿಡ್ಕೊಂಡಿದ್ರೆ...” ತನುಜ ಈ ಮಾತನ್ನು ಮುಗಿಸುವುದಿಲ್ಲ.

ಓಬಳಮ್ಮನಿಗೆ ಕೈತಪ್ಪುತ್ತಿರುವುದು ರೇಷ್ಮೆಹುಳುವಿನ ಮನೆ. ಕಳೆದ ಬೆಳೆಯಲ್ಲಿ ಅವರು ತಲೆಸುತ್ತಿನ ವಿಷಯ ಯಾರಿಗೂ ಹೇಳದೆ, ತಲೆ ಎತ್ತದೆ, ಕೈಯಂದಾಜಿನಲ್ಲೇ ಮೇಲಿನ ತಟ್ಟೆಗಳಿಗೆ ಸೊಪ್ಪು ಹಾಕಿದರು. ಹಿಂಬದಿಯ ಹುಳುಗಳಿಗೆ ಸೊಪ್ಪು ಎಟುಕಲಿಲ್ಲ, ಹಸಿದು ಸತ್ತವು. ಅಂದಿನಿಂದ ಸೊಸೆ ಒಳಗೆ ಬಿಡುತ್ತಿಲ್ಲ. ನಲವತ್ತು ವರ್ಷ ಹುಳು ಸಾಕಿದವರು ಹೊರಗೆ ಜಗಲಿಯ ಮೇಲೆ ಕೂತಿರುತ್ತಾರೆ.

ತನುಜ ಓಬಳಮ್ಮನ ಮುಖವನ್ನು ಎಡಕ್ಕೆ ಹೊರಳಿಸುತ್ತಾರೆ. ಆಮೇಲೆ ಮೈಯನ್ನೂ ಎಡಮಗ್ಗುಲಿಗೆ, ಮೂಗು ನೆಲದ ಕಡೆಗೆ. ಓಬಳಮ್ಮ ವಾಂತಿ ಮಾಡುತ್ತಾರೆ, ಬಾಯಿಗೆ ಬಂದಂತೆ ಬೈಯುತ್ತಾರೆ. ತನುಜ ಕೈ ಸಡಿಲಿಸುವುದಿಲ್ಲ.

ಕಾಲು ಗಂಟೆ ಕೂರಿಸಿದ ಮೇಲೆ ಓಬಳಮ್ಮ ಗೋಡೆ ಹಿಡಿದು ಹುಳುಮನೆಗೆ ನಡೆಯುತ್ತಾರೆ. ಮೇಲಿನ ತಟ್ಟೆಯತ್ತ ಅಳುಕುತ್ತಲೇ ಮುಖ ಎತ್ತುತ್ತಾರೆ. ತುಂಬ ಹೊತ್ತು ಹಾಗೇ ನೋಡುತ್ತಾರೆ.

“ಹಿಂದ್ಗಡೆಯವು ಹಸ್ಕೊಂಡವೆ ಕಣೇ. ಸೊಪ್ಪು ಕೊಡು.”

ಶೋಭಾರಾಣಿ ಬುಟ್ಟಿ ಕೊಡುತ್ತಾರೆ. ಆದರೆ ಅತ್ತೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ನಿಲ್ಲುತ್ತಾರೆ.

“ಇದು ಮತ್ತೆ ಬರಬಹುದಮ್ಮ,” ಎನ್ನುತ್ತಾರೆ ತನುಜ, ಚಪ್ಪಲಿ ಮೆಟ್ಟುತ್ತಾ. “ಬಂದ್ರೆ ಮುಚ್ಚಿಟ್ಕೊಂಡು ಓಡಾಡ್ಬೇಡಿ, ಹೇಳಿಕಳ್ಸಿ. ನನಗೆ ಅಷ್ಟೇ ಸಾಕು.”