ಮರಳಮ್ಮನ ಬೆಟ್ಟ ಸಮುದ್ರದಾಚೆ

ಕೆಲಸಕ್ಕೆ ಸೇರಿದ ಮೊದಲ ದಿನ ಹೊಸಬ ಪ್ಯಾಂಟಿನ ಜೇಬುಗಳ ಬಾಯಿ ಹೊಲಿಸಿ ಮುಚ್ಚಿಕೊಂಡು ಬಂದಿದ್ದ. ಕಲ್ಲು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಜಿರ್ಕಾನ್ ಹರಳು ಆರಿಸುವ ಕೆಲಸ ಎಂದು ಕೇಳಿದ್ದೇ ತಡ, ಚಿಕ್ಕಮ್ಮನ ಜಿರ್ಕಾನ್ ಉಂಗುರ ಕಣ್ಣಮುಂದೆ ಮಿನುಗಿತ್ತು. ನಾಳೆ ಒಂದು ಹರಳು ಕಳೆದರೆ ಯಾರೂ ತನ್ನತ್ತ ಬೆರಳು ತೋರಿಸಬಾರದಲ್ಲ! ಪದವಿ ಓದಿದವನ ಮುಂದಾಲೋಚನೆ. ಮಧ್ಯಾಹ್ನದವರೆಗೂ ಬೀಗದ ಕೈ, ಬಸ್ಸಿನ ಚೀಟಿ, ಕರವಸ್ತ್ರಗಳನ್ನು ಕೈಯಲ್ಲೇ ಹಿಡಿದು ಓಡಾಡುತ್ತಿದ್ದವನನ್ನು ಅಲ್ಲಿನ ಹಿರಿಯ ಭೂವಿಜ್ಞಾನಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, "ಕದಿಯಪ್ಪಾ, ಎಷ್ಟು ಬೇಕೋ ಅಷ್ಟು ಕದಿ" ಎಂದರು. ಕಂಡದ್ದು ಉಪ್ಪಿನ ಪುಡಿಗಿಂತ ಸಣ್ಣ ಕಾಳುಗಳು, ಸೀನಿದರೆ ಹಾರಿಹೋಗುವಂಥವು. ಅವನು ಸೀನಿಯೇ ಬಿಟ್ಟ.

ಆ ಹಿರಿಯರಿಗೆ ಎಲ್ಲರೂ ಇಟ್ಟ ಹೆಸರು ಮರಳಮ್ಮ. ಊರ ಹಿಂದಿನ ಮರಳುಗಲ್ಲಿನ ಬಂಡೆಯ ವಿಷಯದಲ್ಲಿ ಅವರದು ಒಂದೇ ಹಟ: ಆ ಮರಳನ್ನು ಕೊಟ್ಟ ಬೆಟ್ಟ ಈಗ ಸಮುದ್ರದಾಚೆ ಇದೆ. ಹಿಂದೊಮ್ಮೆ ಎರಡು ದಡಗಳೂ ಕೂಡುಕುಟುಂಬದಂತಿದ್ದವು. ನೆಲ ಪಾಲಾದಾಗ ಬೆಟ್ಟ ಅಣ್ಣನಿಗೆ ಹೋಯಿತು, ಮರಳು ತಮ್ಮನಿಗೆ ಉಳಿಯಿತು.

ಇದನ್ನು ಒಪ್ಪದವರಲ್ಲಿ ಮೊದಲಿಗರು ಅವರ ಗಂಡ. ಅದೇ ಪ್ರಯೋಗಾಲಯದಿಂದ ನಿವೃತ್ತರಾಗಿದ್ದ ಅವರು ದಿನವೂ ಹೆಂಡತಿಗೆ ಊಟದ ಡಬ್ಬಿ ತರುತ್ತಿದ್ದರು. ಡಬ್ಬಿ ನೆಪ, ಜಗಳ ಜಪ.

"ಮರಳು ಇಲ್ಲೇ ಪಕ್ಕದ ಕಪ್ಪುಗುಡ್ಡದ್ದು ಕಣೇ. ಮನೆ ಮುಂದೆ ಸಿಗೋದಕ್ಕೆ ಸಮುದ್ರ ಯಾಕೆ ದಾಟ್ತೀಯ?"

"ಗುಡ್ಡದ ತುಂಬ ಕಬ್ಬಿಣ ಇದೆ, ಈ ಕಲ್ಲಲ್ಲಿ ಹೆಸರಿಗಷ್ಟೇ ಇದೆ. ಅದೆಲ್ಲಿ ಹೋಯ್ತು ರೀ?"

"ತೊಳೆದು ಹೋಗಿರತ್ತೆ."

"ನೀವು ತೊಳೆದ ಪಾತ್ರೇಲಿ ಎಣ್ಣೆ ಜಿಡ್ಡೇ ಹೋಗಲ್ಲ, ಕಬ್ಬಿಣ ಹೋಗತ್ತಾ?"

ರಸಾಯನದ ವಾದ ಮುಗಿಯದು ಎಂದೇ ಮರಳಮ್ಮ ಜಿರ್ಕಾನನ್ನು ಸಾಕ್ಷಿಗೆ ಕರೆದದ್ದು. ಜಿರ್ಕಾನ್ ಹುಟ್ಟುವಾಗ ಯುರೇನಿಯಂಗೆ ಜಾಗ ಕೊಡುತ್ತದೆ, ಸೀಸವನ್ನು ಬಾಗಿಲಲ್ಲೇ ತಡೆಯುತ್ತದೆ. ಆಮೇಲೆ ಒಳಗೆ ಸೀಸ ಸಿಕ್ಕರೆ ಅದು ಯುರೇನಿಯಂ ಕಾಲಕ್ರಮೇಣ ಕ್ಷಯಿಸಿ ಆದದ್ದೇ; ಅದನ್ನು ಅಳೆದರೆ ಕಾಳಿನ ವಯಸ್ಸು ತಿಳಿಯುತ್ತದೆ. ಆ ವಯಸ್ಸು ಆಚೆಯ ಬೆಟ್ಟಕ್ಕೆ ತಾಳೆಯಾದರೆ ಗೆದ್ದಂತೆ. ಹೊರಗಿನ ವಿದ್ವಾಂಸರ ಸಭೆ ಹತ್ತಿರವಿತ್ತು. ಅಲ್ಲಿ ಸೋತರೆ ಅವರ ಜೀವಮಾನದ ಮಾತು ಗಾಳಿಗೆ ತೂರಿದಂತೆ.

ಫಲಿತಾಂಶ ಬಂತು. ಅರ್ಧ ಕಾಳುಗಳು ತೀರ ಎಳೆಯವು. ಬಂಡೆಯ ಮೇಲೆ ಹಾಸಿರುವ ಲಾವಾ ಪದರಕ್ಕಿಂತಲೂ ಎಳೆಯವು!

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಡಿಪಾಯಕ್ಕಿಂತ ಮೊದಲೇ ಛಾವಣಿ ಹಾಕಿದಾರಲ್ಲೇ!"

ಮರಳಮ್ಮ ಹೊಸಬನತ್ತ ತಿರುಗಿದರು. "ಕಲ್ಲು ಪುಡಿ ಮಾಡೋ ಯಂತ್ರ ತೊಳೆದಿದ್ದೆಯೇನೋ?"

"ತೊಳೆಯೋಕೆ ಹೋದೆ ಅಮ್ಮಾ. ಆಗಲೇ ಫಳಫಳ ಅಂತಿತ್ತು."

ನಗು ನಿಂತಿತು. ಗಂಡ ಕೆಮ್ಮಿದರು. "ನಾನೇ ಕಣೇ. ಒಬ್ಬಳೇ ಒದ್ದಾಡ್ತಿದೀಯಲ್ಲ ಅಂತ ನಾಲ್ಕು ಹಿಡಿ ಮರಳು ಅರೆದು ಉಜ್ಜಿದೆ."

ಹಾಗೆ ಉಜ್ಜುವುದು ಅಲ್ಲಿನ ಪದ್ಧತಿಯೇ. ಆದರೆ ಅದಕ್ಕೆಂದೇ ಜಿರ್ಕಾನ್ ಇಲ್ಲದ ಬಿಳಿ ಮರಳು ಡಬ್ಬದಲ್ಲಿರುತ್ತದೆ.

"ಯಾವ ಮರಳು ರೀ?"

"ಡಬ್ಬ ಖಾಲಿಯಾಗಿತ್ತು. ಪಕ್ಕದ ಮನೆಯವರು ಮಹಡಿ ಕಟ್ತಾ ಇದಾರಲ್ಲ, ಅಲ್ಲಿಂದ..."

ಮರಳಮ್ಮ ಸುತ್ತಿಗೆ ಎತ್ತಿಕೊಂಡರು. ಗಂಡ ಎರಡು ಹೆಜ್ಜೆ ಹಿಂದೆ ಸರಿದರು. ಆಕೆ ಹೊರಟದ್ದು ಬಂಡೆಗೆ. ಹೊಸ ಕಲ್ಲು ತಂದು ಮೊದಲಿಂದ ಮಾಡಿಸಿದರು. ಮಹಡಿಯ ಮರಳನ್ನೂ ಬೇರೆಯಾಗಿ ಅಳೆಸಿದರು. ಎಳೆಯ ಕಾಳೆಲ್ಲ ಮಹಡಿಯದು. ಬಂಡೆಯ ಕಾಳುಗಳು ಆಚೆಯ ಬೆಟ್ಟದ ವಯಸ್ಸಿನವೇ.

ಸಭೆಯ ಬಾಗಿಲಲ್ಲಿ ಗಂಡ ಪಿಸುಗುಟ್ಟಿದರು: "ಯಾರಾದ್ರೂ ಕೇಳಿದ್ರೆ ಹುಡುಗನ ಕೈತಪ್ಪು ಅಂದ್ಬಿಡು. ಹೋಗೋಕೆ ಅವನಿಗೆ ಮರ್ಯಾದೆ ಎಲ್ಲಿದೆ?" ಪಕ್ಕದಲ್ಲೇ ಇದ್ದ ಹೊಸಬನಿಗೂ ಅದು ನ್ಯಾಯವಾದ ಮಾತೆನಿಸಿತು.

ಮರಳಮ್ಮ ಮಾತು ಮುಗಿಸಿದೊಡನೆ ಹೊರಗಿನ ಪ್ರೊಫೆಸರೊಬ್ಬರು ಎದ್ದರು. "ಮೊದಲು ಬಂದ ಎಳೆಯ ಕಾಳುಗಳನ್ನ ಕಲಬೆರಕೆ ಅಂತ ಬಿಸಾಕಿದ್ರಿ. ಕಲಬೆರಕೆ ಮಾಡಿದ್ದು ಯಾರು ತಾಯಿ? ಅಥವಾ ನಿಮಗೆ ಬೇಡದ ಉತ್ತರಕ್ಕೆಲ್ಲ ಅದೇ ಹೆಸರೋ?"

ಹೊಸಬ ತಪ್ಪು ಹೊರಲು ಅರ್ಧ ಎದ್ದ.

"ಕೂತ್ಕೊಳೋ," ಎಂದ ಮರಳಮ್ಮ ಪ್ರೊಫೆಸರರ ಕಡೆ ತಿರುಗಿದರು. "ನನ್ನ ಗಂಡ. ಮೊದಲನೇ ಸಾಲಲ್ಲಿ ತಲೆ ತಗ್ಗಿಸಿ ಕೂತಿದಾರಲ್ಲ, ಅವರೇ. ಇನ್ನೂ ಅನುಮಾನ ಇದ್ರೆ ಅವರನ್ನೂ ಯಂತ್ರಕ್ಕೆ ಹಾಕಿ ನೋಡಿ."