ಅಡ್ಡಿಲ್ಲ ಎಂದ ಮೇಲೆ ಉಳಿಯುವ ಮಾತು

ಬೆಳಗಿನ ಆರು ಗಂಟೆ. ಕಾರವಾರದ ಅಂಚಿನ ಶಿರವಾಡದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಂಚಿನ ಮನೆಯೊಂದರ ಜಗಲಿಯಲ್ಲಿ ಹೀರಾ ತಳೇಕರ ಚಾಪೆ ಹಾಸಿ ಮಲಗಿದ್ದಾರೆ. ಕುತ್ತಿಗೆಯವರೆಗೆ ಹಳೆಯ ಚಾದರ ಹೊದ್ದಿದ್ದಾರೆ, ಆಗಾಗ ನರಳುತ್ತಾರೆ. ಅವರಿಗೆ ಯಾವ ಕಾಯಿಲೆಯೂ ಇಲ್ಲ. ತಲೆಯ ಬದಿಗೆ ನಿಂತ ದುರ್ಗಾ ಎಂಬ ಯುವತಿ ರೋಗಿಯನ್ನು ನೋಡಿಕೊಳ್ಳುವವಳು. ಗೋಡೆಗೆ ಮುಖ ಮಾಡಿ ಕುಳಿತ ಹೊನ್ನು ಬಾಚಣಿಗೆಯನ್ನು ಕಿವಿಗೆ ಹಿಡಿದಿದ್ದಾಳೆ. ಈ ಪಾಠದ ಆಟದಲ್ಲಿ ಅವಳು ಕಚೇರಿಯಿಂದ ಫೋನ್ ಮಾಡುತ್ತಿರುವ ರೋಗಿಯ ಮಗಳು.

“ಹಲೋ, ಹೌ ಈಸ್ ಮೈ ಮದರ್?”

“ನೋ ಪ್ರಾಬ್ಲಮ್ ಮೇಡಂ.”

ರೋಗಿ ಚಾದರ ಸರಿಸಿ ಎದ್ದು ಕೂರುತ್ತಾರೆ. “ಏ ದುರ್ಗೇ, ನಾ ಇಲ್ಲಿ ಸಾಯೂಕೆ ಬಿದ್ದಿದ್ದೆ, ನಿಂಗೆ ನೋ ಪ್ರಾಬ್ಲಮ್ಮಾ?”

ಜಗಲಿಯಲ್ಲಿ ಕುಳಿತವರೆಲ್ಲ ನಗುತ್ತಾರೆ. ದುರ್ಗಾಳೂ ನಗುತ್ತಾಳೆ. “ಬಾಯಿಗೆ ಅದೇ ಬತ್ತದೆ ಹೀರಕ್ಕಾ. ನಾ ಎಂತಾ ಮಾಡ್ಲಿ?”

“ಬಂದದ್ದು ಬರ್ಲಿ. ಅದ್ರ ಹಿಂದೆ ಇನ್ನೊಂದು ಬರೂಕೆ ಬೇಕು. ತಿರುಗಿ ಹೇಳು.”

ಹೀರಾ ಮತ್ತೆ ಮಲಗುತ್ತಾರೆ. ಇಂದು ದುರ್ಗಾ ತಪ್ಪುವಂತಿಲ್ಲ. ಮೂರು ತಿಂಗಳ ಹಿಂದೆ ತನ್ನನ್ನು ಕೆಲಸದಿಂದ ಬಿಡಿಸಿದ ಮನೆಗೇ ಅವಳು ಇಂದು ಪುನಃ ಹೋಗಬೇಕಾಗಿದೆ. ಒಂದು ವಾರ ನೋಡುತ್ತೇವೆ, ಸರಿಹೋದರೆ ಇಟ್ಟುಕೊಳ್ಳುತ್ತೇವೆ ಎಂಬ ಮಾತಾಗಿದೆ.

ಹೀರಾರ ವಯಸ್ಸು ಐವತ್ತನ್ನು ದಾಟಿದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಅವರ ಉದ್ಯೋಗ. ಎಂಟು ಗಂಟೆಗೆ ಕಾರವಾರ ಪೇಟೆಯ ಒಂದು ಮನೆಯಲ್ಲಿ ವೃದ್ಧರೊಬ್ಬರಿಗೆ ಸ್ನಾನ ಮಾಡಿಸಬೇಕು, ಬೆನ್ನುಹುಣ್ಣು ಆಗದಂತೆ ಮಗ್ಗುಲು ಹೊರಳಿಸಬೇಕು, ಗಂಜಿ ಉಣಿಸಬೇಕು. ಅದಕ್ಕೂ ಮುಂಚಿನ ಒಂದೂವರೆ ತಾಸು ಈ ಜಗಲಿಯ ಪಾಠ. ಕಲಿಯಲು ಬರುವ ಒಂಬತ್ತು ಮಂದಿಯೂ ಇದೇ ಕೆಲಸದ ಹೆಂಗಸರು. ಕಾರವಾರಕ್ಕೆ ನೌಕರಿಯ ಮೇಲೆ ಬಂದ ಹೊರರಾಜ್ಯದ ಕುಟುಂಬಗಳಿಗೆ ಕನ್ನಡ ತಿಳಿಯದು, ಕೊಂಕಣಿಯೂ ತಿಳಿಯದು. ಅಲ್ಲಿ ನಡೆಯುವುದು ಅಷ್ಟಿಷ್ಟು ಇಂಗ್ಲಿಷ್ ಮಾತ್ರ.

ವಸ್ತುಗಳ ಹೆಸರು ಕಲಿಯಲು ಯಾರಿಗೂ ಕಷ್ಟವಿಲ್ಲ. ಕಷ್ಟವಿರುವುದು ಒಂದನ್ನೊಂದು ಒಪ್ಪದ ಎರಡು ಮಾತುಗಳನ್ನು ಜೋಡಿಸುವಲ್ಲಿ. ಹೀರಾರ ಪಾಠವೆಲ್ಲ ಅದರ ಸುತ್ತಲೇ ಇದೆ. ಫೋನಿನಲ್ಲಿ ಹೇಳಲು ‘ಬಟ್’. ಮಾಡಬೇಕಾದ್ದನ್ನು ಮಾಡಿಯೂ ಫಲ ಸಿಗದಿದ್ದಾಗ ‘ಆಲ್ದೋ’: ಗುಳಿಗೆ ಕೊಟ್ಟರೂ ಜ್ವರ ಇಳಿಯಲಿಲ್ಲ ಎನ್ನಲು. ವೈದ್ಯರಿಗೆ ಚೀಟಿ ಬರೆಯುವಾಗ ‘ಹೌಎವರ್’. ಹೊನ್ನು ಒಮ್ಮೆ ‘ಆಲ್ದೋ’ ಎಂದು ತೊಡಗಿ ನಡುವೆ ‘ಬಟ್’ ಅನ್ನೂ ಸೇರಿಸುತ್ತಾಳೆ. “ಸಾರಿಗೆ ಎಷ್ಟು ಸಲ ಉಪ್ಪು ಹಾಕ್ತೆ ಮಾರಾಯ್ತಿ?” ಎಂಬ ಪ್ರಶ್ನೆ ಚಾದರದೊಳಗಿಂದ ಬರುತ್ತದೆ. ಹೊನ್ನು ನಾಲಿಗೆ ಕಚ್ಚಿಕೊಂಡು ಒಂದನ್ನು ತೆಗೆಯುತ್ತಾಳೆ.

ದುರ್ಗಾ ಅಂಕೋಲಾ ತಾಲೂಕಿನ ಶೆಟಗೇರಿಯವಳು. ಹಿಂದೆ ಆ ಮನೆಯಲ್ಲಿ ಅವಳು ನೋಡಿಕೊಳ್ಳುತ್ತಿದ್ದ ಅಜ್ಜಿ ಒಂದು ದಿನ ಉಂಡರು, ಆದರೆ ನೀರು ಮುಟ್ಟಲಿಲ್ಲ. ಎಂದಿಗಿಂತ ಹೆಚ್ಚು ಮಲಗಿದರು. ಮಧ್ಯಾಹ್ನ ಅಜ್ಜಿಯ ಮಗಳು ಕಚೇರಿಯಿಂದ ಫೋನ್ ಮಾಡಿ ಕೇಳಿದಾಗ ದುರ್ಗಾ ಹೇಳಿದ್ದು ‘ನೋ ಪ್ರಾಬ್ಲಮ್’ ಎಂದಷ್ಟೇ. ಸಂಜೆಗೆ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರು ಚೇತರಿಸಿಕೊಂಡರು. ದುರ್ಗಾಳ ಕೆಲಸ ಹೋಯಿತು. ಊರಿಗೆ ಮರಳಲು ಮನಸ್ಸಾಗದೆ ಅವಳು ಅಂದಿನಿಂದ ಹೀರಾರ ಮನೆಯಲ್ಲೇ ಇದ್ದಾಳೆ.

ಅವಳು ಏನನ್ನೂ ಮುಚ್ಚಿಡಲು ಹಾಗೆ ಹೇಳಿದ್ದಲ್ಲ. ಈ ಕರಾವಳಿಯಲ್ಲಿ ಹೇಗಿದ್ದೀರಿ ಎಂದರೆ ಉತ್ತರ ‘ಅಡ್ಡಿಲ್ಲ’; ದುರ್ಗಾಳ ‘ನೋ ಪ್ರಾಬ್ಲಮ್’ ಅದರದೇ ಇಂಗ್ಲಿಷ್. ಅನ್ನ ಹಳಸಿದರೂ ಅಡ್ಡಿಲ್ಲ, ಜ್ವರ ಬಂದರೂ ಅಡ್ಡಿಲ್ಲ. ದೂರದಿಂದ ಬಂದವರ ಕೈಗೆ ಮೊದಲು ನೀರು, ಬೆಲ್ಲ ಕೊಟ್ಟು, ಅವರು ಕುಳಿತು ದಣಿವಾರಿಸಿಕೊಂಡ ಮೇಲೆ ಕಹಿ ಸುದ್ದಿಯನ್ನು ಹೇಳುವುದು ಇಲ್ಲಿನ ಮನೆಗಳ ರೂಢಿ. ಫೋನಿನಲ್ಲಿ ಇರುವವರಿಗೆ ನೀರು ಕೊಡಲಾಗದು. ಆದ್ದರಿಂದ ಸುದ್ದಿಯೂ ನಿಂತುಬಿಡುತ್ತದೆ. ಕಳೆಯುವ ಲೆಕ್ಕದಲ್ಲಿ ಮೇಲಿನ ಸಂಖ್ಯೆಯನ್ನಷ್ಟೇ ಬರೆದು ಉತ್ತರ ಬಂತೆಂದು ಸ್ಲೇಟು ಕೆಳಗಿಟ್ಟಂತೆ.

ಹೀರಾರೂ ಒಂದು ಕಾಲಕ್ಕೆ ಹೀಗೆಯೇ ಸ್ಲೇಟು ಕೆಳಗಿಟ್ಟವರು. ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ನಪಾಸಾಗಿ, ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ, ಬಳಿಕ ಅಂಕೋಲೆಯ ನಿವೃತ್ತ ಇಂಗ್ಲಿಷ್ ಶಿಕ್ಷಕ ಸುಬ್ರಾಯ ಹೆಗಡೆಯವರ ಆರೈಕೆಗೆ ನಿಂತರು. ಲಕ್ವ ಹೊಡೆದು ಮಾಸ್ತರರ ಬಲಗೈ ಸತ್ತಿತ್ತು, ಮಾತು ಸತ್ತಿರಲಿಲ್ಲ. ಒಂದು ದಿನ ಮನೆಗೆ ಬಂದ ಡಾಕ್ಟರು ರೋಗಿ ಹೇಗಿದ್ದಾರೆಂದು ಕೇಳಿದರು. ಹೀರಾ ಅಡ್ಡಿಲ್ಲ ಎಂದರು. ಹಾಸಿಗೆಯಿಂದಲೇ ಗುಡುಗು ಬಂತು: “ಅಡ್ಡಿ ಇದ್ದು! ರಾತ್ರಿಯಿಡೀ ಕೆಮ್ಮಿದ್ದು ಯಾರು, ನಿನ್ನ ಅಪ್ಪನ? ಪೂರ್ತಿ ಹೇಳು ಮಾರಾಯ್ತಿ!”

“ನಂಗೆ ಸಿಟ್ಟು ಬಂತು, ಮತ್ತೆ ಅಳು ಬಂತು,” ಎನ್ನುತ್ತಾರೆ ಹೀರಾ. “ಡಾಕ್ಟರು ಹೋದ್ಮೇಲೆ ಮಾಸ್ತರು ಬದಿಗೆ ಕೂರಿಸ್ಕಂಡು ಹೇಳಿದ್ರು: ನಿನ್ನ ಮರ್ಯಾದೆ ಬಿಡಬೇಡ. ಉಂಡದ್ದು ಮೊದಲು ಹೇಳು, ಅದು ಬಂದವರಿಗೆ ನೀರು ಕೊಟ್ಟ ಹಾಗೆ. ಆಮೇಲೆ ಬಟ್ ಹೇಳಿ ಉಳಿದದ್ದು ಹೇಳು. ಅಷ್ಟೇ. ಶಾಲೆಲಿ ಆ ಶಬ್ದ ನೂರು ಸಲ ಬರೆದಿದ್ದೆ. ಅದು ಎಂತಕ್ಕೆ ಹೇಳಿ ಗೊತ್ತಾದದ್ದು ಅವತ್ತೇ.”

ಅಂದಿನಿಂದ ಮೂರು ವರ್ಷ, ಗಂಜಿ ಕುಡಿಸುವಾಗ ಒಂದು ವಾಕ್ಯ, ಮಗ್ಗುಲು ಬದಲಿಸುವಾಗ ಒಂದು ವಾಕ್ಯ. ಮಾಸ್ತರರು ತೀರಿಕೊಂಡ ಮೇಲೆ ಅವರ ಪತ್ನಿ ಸುಬ್ಬಲಕ್ಷ್ಮಿಯಮ್ಮ, ನೆನಪಿಗೆ ಏನಾದರೂ ತೆಗೆದುಕೊಂಡು ಹೋಗು ಎಂದರು. ಹೀರಾ ಅವರ ಚಾದರವನ್ನು ಕೇಳಿ ಪಡೆದರು. ಜಗಲಿಯಲ್ಲಿ ದಿನವೂ ಹೊದೆಯುವುದು ಅದನ್ನೇ. ಪಾಠಕ್ಕೆ ಶುಲ್ಕವಿಲ್ಲ. ಕಾರಣ ಕೇಳಿದರೆ, “ನಂಗೆ ಮಾಸ್ತರು ಮಾರಿದ್ರಾ?” ಎಂದು ಮರುಪ್ರಶ್ನೆ ಹಾಕುತ್ತಾರೆ.

ದುರ್ಗಾ ಹೊರಡುತ್ತಾಳೆ. ಹೊಸ್ತಿಲಲ್ಲಿ ನಿಂತು, “ತಪ್ಪಿದ್ರೆ?” ಎನ್ನುತ್ತಾಳೆ.

“ತಪ್ಪಿದ್ರೆ ಇಲ್ಲೇ ಬಾ. ಅನ್ನ ಅದೆ. ಬಟ್ ನಾಳೆ ಬೆಳಗಾತ ತಿರುಗಿ ಇದೇ ಪಾಠ.”

ಹನ್ನೆರಡೂವರೆಗೆ ಹೀರಾ ತಮ್ಮ ರೋಗಿಗೆ ಗಂಜಿ ಉಣಿಸುತ್ತಿದ್ದಾರೆ. ದುರ್ಗಾ ಹೋದ ಮನೆಗೆ ಅಜ್ಜಿಯ ಮಗಳು ಫೋನ್ ಮಾಡುವ ಹೊತ್ತು ಅದು. ಚಮಚ ಒಮ್ಮೆ ತುಟಿಯನ್ನು ತಪ್ಪಿ ಗಲ್ಲಕ್ಕೆ ತಾಗುತ್ತದೆ. “ಇಂದು ನಿನ್ನ ಲಕ್ಷ್ಯ ಎಲ್ಲಿ ಅದೆ?” ಎಂದು ವೃದ್ಧರು ಕೇಳುತ್ತಾರೆ. ಹೀರಾ ಗಲ್ಲ ಒರೆಸಿ ಕ್ಷಮೆ ಕೇಳುತ್ತಾರೆ. ಗಂಟೆ ಒಂದು ಕಳೆದರೂ ದುರ್ಗಾಳ ಫೋನಿಲ್ಲ. ಎರಡು ಕಳೆದರೂ ಇಲ್ಲ.

ನಾಲ್ಕು ಗಂಟೆಗೆ ದುರ್ಗಾ ಫೋನ್ ಮಾಡುತ್ತಾಳೆ. ಹೀರಾ ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಾರೆ.

“ಹೀರಕ್ಕಾ, ಹೇಳ್ದೆ! ಗ್ರ್ಯಾಂಡ್‌ಮಾ ಏಟ್ ವೆಲ್ ಹೇಳ್ದೆ. ಬಟ್ ಹೇಳ್ದೆ. ಆ ಬದಿಗೆ ಮೇಡಂ ಉಳಿದದ್ದಕ್ಕೆ ಕಾಯ್ತಾ ಇದ್ರು. ಬಟ್ ಹೇಳಾಗಿತ್ತಲ್ಲ, ತಿರುಗಿ ಹೋಗೂಕೆ ದಾರಿನೇ ಇಲ್ಲ. ಹರ್ ಲೆಫ್ಟ್ ಫುಟ್ ಈಸ್ ಸ್ವೋಲನ್ ಹೇಳಿಬಿಟ್ಟೆ.”

ಅಜ್ಜಿ ಚೆನ್ನಾಗಿ ಉಂಡಿದ್ದಾರೆ, ಆದರೆ ಎಡಗಾಲು ಬಾತಿದೆ. ಅಷ್ಟು ಕೇಳಿದ್ದೇ ಮಗಳು ಕಚೇರಿ ಬಿಟ್ಟು ಬಂದರು; ಅಜ್ಜಿಯನ್ನು ವೈದ್ಯರಿಗೆ ತೋರಿಸಿದ್ದಾಯಿತು. ಬೇಗ ತಂದದ್ದು ಒಳ್ಳೆಯದಾಯಿತೆಂದು ವೈದ್ಯರು ಔಷಧ ಬದಲಿಸಿದರು. ಮರಳಿ ಬಂದ ಮಗಳು ದುರ್ಗಾಳ ಎರಡೂ ಕೈ ಹಿಡಿದುಕೊಂಡು ಥ್ಯಾಂಕ್ ಯೂ ಎಂದರಂತೆ. ವಾರ ಕಾಯಬೇಕಿಲ್ಲ, ಕೆಲಸ ನಿನ್ನದೇ ಎಂದರಂತೆ.

“ಅಜ್ಜಿ ಎಂತಾ ಹೇಳಿದ್ರು?” ಹೀರಾ ಕೇಳುತ್ತಾರೆ.

“ನನ್ನ ಸೆರಗು ಹಿಡ್ಕಂಡು ಬಿಡೂದೇ ಇಲ್ಲ ಅಕ್ಕಾ. ನಿಮ್ಮ ಉಪಕಾರ ನಾ ಯಾವಾಗ ತೀರಿಸ್ತೆ?”

“ನಂದಲ್ಲ ತಂಗೀ. ಅಂಕೋಲೆ ಮಾಸ್ತರದ್ದು. ತೀರಿಸೂಕೆ ಅವರಿಲ್ಲ. ಹಾಗಾಗಿ ನೀ ಇನ್ನೊಬ್ಬಳಿಗೆ ಕಲಿಸು.”

ಸಂಜೆ ಜಗಲಿಯಲ್ಲಿ ಕುಳಿತು ಹೀರಾ ಒಗೆದು ಒಣಗಿದ ಚಾದರವನ್ನು ಮಡಚುತ್ತಾರೆ. ಬೆನ್ನು ನೋಯುತ್ತದೆ, ಮಡಿಕೆಯನ್ನು ಮೊಣಕಾಲ ಮೇಲಿಟ್ಟು ಅಂಗೈಯಿಂದ ಸವರುತ್ತಾರೆ. ತಮಗೆ ಏನು ಬೇಕೆಂದು ಕೇಳಿದರೆ ಚಾದರವನ್ನು ಬದಿಗಿಟ್ಟು ಹೇಳುತ್ತಾರೆ:

“ದಿನಾ ಬೆಳಗಾತ ಸುಳ್ಳೇ ಮಲಗ್ತೆ. ಒಂದಿನ ಖರೇನೇ ಮಲಗೂದದೆ. ಆವಾಗ ಬದಿಗೆ ನಿಂತದ್ದು ಯಾವ ಹುಡುಗಿಯೇ ಆಗ್ಲಿ, ಹೀರಕ್ಕ ಅಡ್ಡಿಲ್ಲ ಹೇಳಿ ನಿಲ್ಲಿಸೂಕಾಗ್ದು. ಉಳಿದದ್ದೂ ಹೇಳೂಕೆ ಬೇಕು. ಅಷ್ಟಾದ್ರೆ ನಾ ಕಲಿಸಿದ್ದು ಸಾರ್ಥಕ.”